ಪಂಚಾಂಗದಲ್ಲಿಲ್ಲದ ಹೆಸರು

ನಾಮಕರಣದ ದಿನ ಶಾಸ್ತ್ರಪ್ರಕಾರ ಮಗುವಿಗೆ ಸಿಗುವುದು ನಾಲ್ಕು ಹೆಸರು: ದೇವತಾನಾಮ, ಮಾಸನಾಮ, ನಕ್ಷತ್ರನಾಮ, ಕೊನೆಯದಾಗಿ ವ್ಯಾವಹಾರಿಕನಾಮ. ಹರಿವಾಣದಲ್ಲಿ ಅಕ್ಕಿ ಹರಡಿ, ಅಪ್ಪನಾದವನ ಕೈಗೆ ಚಿನ್ನದ ಉಂಗುರ ಕೊಟ್ಟು, ಒಂದೊಂದು ಹೆಸರನ್ನೂ ಆ ಅಕ್ಕಿಯ ಮೇಲೆ ಬರೆಸಿ, ಮಗುವಿನ ಕಿವಿಯಲ್ಲಿ ಮೆಲ್ಲಗೆ ಹೇಳಿಸುತ್ತಾರೆ. ಇಷ್ಟೆಲ್ಲ ನಡೆಯುವಾಗ ಮಗು ಒಂದೋ ಗಾಢನಿದ್ರೆಯಲ್ಲಿರುತ್ತದೆ, ಇಲ್ಲವೇ ಹೋಮದ ಹೊಗೆಗೆ ಕಣ್ಣುರಿದು ಮನೆಯ ಮಾಡು ಹಾರಿಹೋಗುವ ಹಾಗೆ ಅಳುತ್ತಿರುತ್ತದೆ. ಆಗ ಅಜ್ಜಿ ಒಳಗಿಂದ ಬಂದು, ಚತುರ್ನಾಮಗಳ ಒಡೆಯನನ್ನು ಮಂತ್ರದ ನಡುವಿನಿಂದಲೇ ಎತ್ತಿಕೊಂಡು, "ಎಂತಾಯ್ತು ನನ್ನ ಬಂಗಾರಕ್ಕೆ? ಯಾರು ಬೈದ್ರು ನನ್ನ ಪುಟ್ಟೂಗೆ?" ಎನ್ನುತ್ತ ಹಿತ್ತಲಿನ ಕಡೆ ನಡೆಯುತ್ತಾಳೆ. ಐದನೆಯ ಹೆಸರು ಇಟ್ಟಾಯಿತು. ಅದಕ್ಕೆ ಮುಹೂರ್ತವಿಲ್ಲ, ದಕ್ಷಿಣೆಯಿಲ್ಲ, ಅಕ್ಕಿಯೂ ಬೇಡ. ಆ ಮಗು ಮುಂದೆ ಮನೆಯೊಳಗೆ ಬೆಳೆಯುವುದು, ಉಣ್ಣುವುದು, ಬೈಸಿಕೊಳ್ಳುವುದು ಎಲ್ಲ ಈ ಐದನೆಯ ಹೆಸರಿನಲ್ಲೇ.

ಪಂಚಾಂಗದ ವ್ಯವಸ್ಥೆಯ ಮೇಲೆ ನನಗೆ ಗೌರವವಿದೆ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ. ಅಶ್ವಿನಿಗೆ ಚು ಚೇ ಚೋ ಲಾ, ರೋಹಿಣಿಗೆ ಓ ವಾ ವೀ ವೂ. ಎಲ್ಲ ಮಕ್ಕಳಿಗೂ ಅಕ್ಷರ ಹಂಚಿಯಾಯಿತು ಅನ್ನುವಷ್ಟರಲ್ಲಿ ಆರಿದ್ರಾ ನಕ್ಷತ್ರದ ಮೂರನೆಯ ಪಾದ ಬರುತ್ತದೆ. ಅದರ ಪಾಲಿಗೆ ಬಂದದ್ದು ಙ. ಹಸ್ತಾ ನಕ್ಷತ್ರದ ಮೂರನೆಯ ಪಾದಕ್ಕೆ ಣ. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿ ಆಮೇಲೆ ಜೀವಮಾನದಲ್ಲಿ ಮತ್ತೆ ಭೇಟಿಯಾಗದ ಙ ಅಕ್ಷರದಿಂದ ಹೆಸರು ಕಟ್ಟುವುದು ಹೇಗೆ? ನಮ್ಮ ನೆಂಟರ ಮನೆಯೊಂದರಲ್ಲಿ ಇಂಥದೇ ಪಾದದಲ್ಲಿ ಹೆಣ್ಣುಮಗು ಹುಟ್ಟಿ, ಹಿರಿಯರೆಲ್ಲ ಜಗಲಿಯ ಮೇಲೆ ಕೂತು ಪರ್ಯಾಯಾಕ್ಷರ, ಸವರ್ಣ, ಅನುನಾಸಿಕ ಅಂತೆಲ್ಲ ಗಂಭೀರವಾಗಿ ಚರ್ಚಿಸುತ್ತಿದ್ದರು. ಒಳಗೆ ಬಾಣಂತಿ ಕೋಣೆಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದ ಹೆಂಗಸು, "ಸಾಕಾಯ್ತೇನೇ ಗುಂಡಮ್ಮಾ, ಇನ್ನೊಂಚೂರು ನೀರು ಹುಯ್ಲೇನೇ ಗುಂಡಮ್ಮಾ" ಎಂದು ಕೇಳುತ್ತಿದ್ದದ್ದು ಜಗಲಿಯವರೆಗೂ ಕೇಳುತ್ತಿತ್ತು. ಜಗಲಿಯ ಚರ್ಚೆಯಲ್ಲಿ ಕೊನೆಗೆ ಯಾವ ಹೆಸರು ಗೆದ್ದಿತೋ ಆ ಹುಡುಗಿಯ ಮಾರ್ಕ್ಸ್‌ಕಾರ್ಡನ್ನೇ ಕೇಳಬೇಕು. ನಮಗೆಲ್ಲ ಅವಳು ಗುಂಡಮ್ಮ. ಈಗ ಅವಳಿಗೇ ಇಬ್ಬರು ಮಕ್ಕಳು, ಗುಂಡಮ್ಮನೇ.

ನಾನು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಆ ಊರಿನಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ, 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡಿನಿಂದ ಇದ್ದಿಲು. 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿಕೊಂಡು, ಹೊಳೆಯ ಆಚೆ ಈಚೆ ಊರೇ ಎರಡು ಸೈರನ್ನುಗಳ ಲೆಕ್ಕಕ್ಕೆ ಏಳುವ ಮಲಗುವ ಹಾಗಾಯಿತು. ನಮ್ಮ ಕಾಲಕ್ಕೆ ಮೂರು ಪಾಳಿ. ಎರಡನೇ ಪಾಳಿ ಮುಗಿಸಿ ರಾತ್ರಿ ಸೈಕಲ್ಲಿನಲ್ಲಿ ಬರುತ್ತಿದ್ದ ಅಪ್ಪ, ಬಾಗಿಲ ಹತ್ತಿರ ಸೈಕಲ್ ಸ್ಟ್ಯಾಂಡ್ ಹಾಕುವಾಗಲೇ, ನಾವು ಮಲಗಿದ್ದೇವೆಂದು ಗೊತ್ತಿದ್ದೂ, ಸಣ್ಣ ದನಿಯಲ್ಲಿ "ಬಂಗಾರೀ" ಅನ್ನುತ್ತಿದ್ದ. ಎದ್ದಿದ್ದರೆ ಸರಿ, ಇಲ್ಲದಿದ್ದರೂ ಸರಿ, ಕರೆದು ಒಳಗೆ ಬರುವುದು ಅವನ ರೂಢಿ. ಆ ಊರಿನಲ್ಲಿ ಕಬ್ಬಿಣದಿಂದ ಅನ್ನ ಉಂಡ ಮನೆಗಳು ಸಾವಿರಾರು. ಒಂದು ಮನೆಯಲ್ಲೂ ಮಗುವನ್ನು ಕಬ್ಬಿಣ ಎಂದು ಕರೆದದ್ದನ್ನು ನಾನು ಕೇಳಲಿಲ್ಲ. ಎಂಟು ಗಂಟೆ ಕಬ್ಬಿಣದ ಝಳದೆದುರು ನಿಂತು ಬಂದವರ ಬಾಯಲ್ಲಿ ಬರುತ್ತಿದ್ದದ್ದು ಚಿನ್ನ, ಬಂಗಾರ, ಮುತ್ತು, ರತ್ನ. ತಿಂಗಳ ಕೊನೆಯ ವಾರ ದಿನಸಿ ಅಂಗಡಿಯಲ್ಲಿ ಸಾಲ ಬರೆಸುವಾಗಲೂ ಸೊಂಟದ ಮೇಲೆ ಕೂತಿರುತ್ತಿದ್ದದ್ದು ಬಂಗಾರವೇ.

ಕ್ವಾರ್ಟರ್ಸಿನ ಸಾಲು ಅಂದರೆ ಗೋಡೆಗೆ ಗೋಡೆ ಅಂಟಿದ ಮನೆಗಳು, ಎದುರಿಗೆ ಒಂದು ಮೈದಾನ. ಕಾರ್ಖಾನೆ ಎಲ್ಲೆಲ್ಲಿಂದಲೋ ಜನ ಕರೆಸಿಕೊಂಡಿತ್ತು. ಹಾಗಾಗಿ ಒಂದೇ ಸಾಲಿನಲ್ಲಿ ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು, ಘಟ್ಟದ ಕೆಳಗಿನಿಂದ ಬಂದ ತುಳುವರು, ಕೊಂಕಣಿಯವರು. ಸಂಜೆ ಹೊತ್ತು ಮುಳುಗಿ ಬೀದಿದೀಪ ಹತ್ತಿದ ಕೂಡಲೇ ಒಂದೊಂದು ಬಾಗಿಲಿಗೂ ಒಬ್ಬೊಬ್ಬ ತಾಯಿ ಬಂದು ನಿಂತು ಮೈದಾನದ ಕಡೆ ಮುಖ ಮಾಡಿ ಕರೆಯುತ್ತಿದ್ದಳು. ಕಣ್ಣೂ, ಬುಜ್ಜೀ, ಮೋಳೇ, ಬೇಟಾ, ಪುಟ್ಟೂ, ಪಾಪೂ, ಚಿನ್ನೂ. ಕತ್ತಲಲ್ಲಿ ಯಾರ ಮುಖವೂ ಕಾಣದಿದ್ದರೂ ಯಾವ ದನಿ ಯಾವ ಮನೆಯದೆಂದು ನಮಗೆಲ್ಲ ಗೊತ್ತು. ಪುಟ್ಟ ಎಂಬ ಹೆಸರಿನವರು ಸಾಲಿನಲ್ಲಿ ಎಷ್ಟೋ ಜನ ಇದ್ದರು; ಆದರೆ ಒಬ್ಬ ತಾಯಿ ಪುಟ್ಟೂ ಎಂದಾಗ ಇನ್ನೊಬ್ಬಳ ಪುಟ್ಟ ತಲೆ ಎತ್ತಿ ನೋಡುತ್ತಿರಲಿಲ್ಲ.

ಈ ಕೂಗಿನಿಂದಲೇ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಮುದ್ದಿನ ಹೆಸರಿನ ರಚನೆಯಲ್ಲಿ ದೊಡ್ಡ ಕೌಶಲವಿದೆ. ಎರಡೇ ಅಕ್ಷರ, ನಡುವೆ ಒಂದು ಒತ್ತು, ಕೊನೆಯಲ್ಲಿ ಎಳೆಯಲು ಬರುವ ಸ್ವರ. ಚಿನ್ನೂ, ಕಿಟ್ಟೀ, ಅಮ್ಮೂ, ಅಪ್ಪೀ, ಗುಂಡಾ. ಬಾಗಿಲಲ್ಲಿ ನಿಂತು, ಒಲೆಯ ಮೇಲೆ ಹಾಲಿಟ್ಟು ಬಂದ ಅವಸರದಲ್ಲಿ, ಮೈದಾನದ ಆ ತುದಿಗೆ ಮುಟ್ಟಿಸಬೇಕಾದ ಹೆಸರು ಹೀಗೇ ಇರಬೇಕು. ಸತ್ಯನಾರಾಯಣಮೂರ್ತಿ ಎಂದು ಕೂಗಿ ನೋಡಿ. ಹೆಸರು ಮುಗಿಯುವಷ್ಟರಲ್ಲಿ ಹಾಲು ಉಕ್ಕಿ, ಮಗು ಬೇಲಿ ಹಾರಿ ಪಕ್ಕದ ಕೇರಿಗೆ ಹೋಗಿರುತ್ತದೆ. ಹೀಗೆ ಶ್ರೀನಿವಾಸ ಸೀನು ಆದ, ಕೃಷ್ಣಮೂರ್ತಿ ಕಿಟ್ಟಿಯಾದ, ಸುಬ್ರಹ್ಮಣ್ಯ ಸುಬ್ಬುವಾದ, ಪದ್ಮಾವತಿ ಪಮ್ಮಿಯಾದಳು, ವಿಶಾಲಾಕ್ಷಿ ವಿಶಾಲು ಆದಳು. ವ್ಯಾಕರಣದವರು ಇದಕ್ಕೆ ಲೋಪ, ಆದೇಶ, ದ್ವಿತ್ವ ಎಂದು ಸೂತ್ರ ಬರೆಯಬಹುದು. ಸೂತ್ರ ಓದದ ನಮ್ಮ ತಾಯಂದಿರು ಒಲೆಯ ಮುಂದೆ ನಿಂತೇ ಅದನ್ನು ತಪ್ಪಿಲ್ಲದೆ ಮಾಡಿದರು.

ಹೆಸರುಗಳು ಗೋಡೆಯನ್ನೂ ದಾಟುತ್ತಿದ್ದವು. ನಮ್ಮ ತಂಗಿ ಕನ್ನಡದ ಮನೆಯಲ್ಲಿ ಹುಟ್ಟಿ ಬುಜ್ಜಿಯಾದದ್ದು ಪಕ್ಕದ ಮನೆಯ ತೆಲುಗಿನ ಅಮ್ಮನಿಂದ. ಅಮ್ಮನಿಗೆ ಹೆರಿಗೆಯ ನಂತರ ಮೈ ಸರಿಯಿಲ್ಲದಿದ್ದಾಗ ಆಕೆ ಬೆಳಗ್ಗೆ ಬಂದು ಮಗುವನ್ನು ಎತ್ತಿಕೊಂಡು ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೇ ವಾಪಸು ತರುತ್ತಿದ್ದದ್ದು. ಮಗು ಹೆಸರನ್ನೂ ಅಲ್ಲಿಂದಲೇ ತಂದಿತು. ನಮ್ಮ ಅಜ್ಜಿ ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಬಂದವರು, "ಇದೆಂತ ಹೆಸರು ಮಾರಾಯ್ತಿ, ಬುಜ್ಜಿ ಗಿಜ್ಜಿ" ಎಂದು ಒಂದೆರಡು ದಿನ ಗೊಣಗಿ, ಮೂರನೆಯ ದಿನ ತಾವೂ "ಬುಜ್ಜಮ್ಮಾ" ಎಂದು ಶುರುಮಾಡಿದರು. ಆ ತೆಲುಗಿನ ಅಮ್ಮ ಕೆಲಸದವರ ವರ್ಗಾವಣೆಯಲ್ಲಿ ಊರು ಬಿಟ್ಟು ಹೋಗಿ ಎಷ್ಟೋ ವರ್ಷವಾಯಿತು. ಅವರು ಕೊಟ್ಟ ಹೆಸರು ಮಾತ್ರ ನಮ್ಮ ಮನೆಯ ಆಸ್ತಿಯಾಗಿ ಉಳಿದುಕೊಂಡಿದೆ, ತಂಗಿಯ ಗಂಡನೂ ಹಾಗೇ ಕರೆಯುತ್ತಾನೆ.

ಇನ್ನು ನನ್ನ ತಮ್ಮನ ಹೆಸರಿನ ಕಥೆ ಹೇಳಬೇಕು, ಅದು ಸ್ವಲ್ಪ ಉದ್ದದ್ದು, ಕೂತುಕೊಳ್ಳಿ. ಮಲೆನಾಡಿನ ಬಹಳ ಮನೆಗಳಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವ ಪದ್ಧತಿ. ತಮ್ಮನಿಗೂ ಹಾಗೇ ಇಟ್ಟರು. ಇಟ್ಟವರಿಗೆ ಅದು ಸಲೀಸು. ತೊಡಕಿಗೆ ಬಿದ್ದವಳು ಅಮ್ಮ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಆ ಹೆಸರನ್ನೇ ಹೊತ್ತು ಅಂಬೆಗಾಲಿಡುವ ಮಗ ಬೂದಿ ತಿಂದರೆ, ಸೀಮೆಎಣ್ಣೆ ಡಬ್ಬಕ್ಕೆ ಕೈ ಹಾಕಿದರೆ, ಅವಳು ಏನೆಂದು ಕರೆದು ಗದರಬೇಕು? ಮಾವನ ಹೆಸರು ಹಿಡಿದು ಗದರುವುದುಂಟೇ! ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಪ್ಪಾಜಿ, ಅಜ್ಜಯ್ಯ, ದೊಡ್ಡಪ್ಪ, ಸ್ವಾಮಿ ಎಂಬ ಹೆಸರಿನ ಪುಟ್ಟ ಮಕ್ಕಳು ಓಡಾಡಿದ್ದು ಈ ಕಾರಣಕ್ಕೆ. ನಮ್ಮಲ್ಲೂ ಅವನು ಅಪ್ಪಾಜಿಯಾದ. "ಅಪ್ಪಾಜೀ, ಬಾಯಿ ತೆಗಿ, ಉಗಿ ಅದನ್ನ" ಎಂದು ಅಮ್ಮ ಮರ್ಯಾದೆಗೆ ಭಂಗವಿಲ್ಲದೆ ಗದರುತ್ತಿದ್ದಳು.

ಅವನನ್ನು ಶಾಲೆಗೆ ಸೇರಿಸುವ ದಿನ ಅಪ್ಪನಿಗೆ ಮೊದಲ ಪಾಳಿ. ಅಮ್ಮನೇ ಕರೆದುಕೊಂಡು ಹೋದಳು, ಜೊತೆಗೆ ಅದೇ ಶಾಲೆಯಲ್ಲಿದ್ದ ನಾನು. ಮೇಷ್ಟ್ರು ದೊಡ್ಡ ರಿಜಿಸ್ಟರ್ ಬಿಚ್ಚಿ, ಶಾಯಿ ಪೆನ್ನಿನ ಮುಚ್ಚಳ ತೆಗೆದು, "ಹುಡುಗನ ಹೆಸರೇನಮ್ಮ?" ಎಂದರು. ಅಮ್ಮ ಸೆರಗನ್ನು ಹೆಗಲಿಗೆ ಎಳೆದುಕೊಂಡು ತಮ್ಮನ ಬೆನ್ನು ತಟ್ಟಿದಳು, "ಹೇಳೋ, ನಿನ್ನ ಹೆಸರು ಹೇಳೋ." ತಮ್ಮ ಎದೆಯುಬ್ಬಿಸಿ "ಅಪ್ಪಾಜಿ" ಎಂದ. ಮೇಷ್ಟ್ರು ನಕ್ಕು, "ಅದು ಮನೇಲಿ ಕರೆಯೋದು ಮರಿ. ಇರಲಿ, ತಂದೆ ಹೆಸರೇನಮ್ಮ?" ಎಂದು ಕೇಳಿದರು. ಅಲ್ಲಿಗೆ ಅಮ್ಮನ ಸ್ಥಿತಿ ಇನ್ನೂ ಬಿಗಡಾಯಿಸಿತು. ಮಾವನ ಹೆಸರು ಹೇಳುವಂತಿಲ್ಲವಾದರೆ ಗಂಡನ ಹೆಸರು ಹೇಳುವಂತಿದೆಯೇ? ಕೋಣೆಯಲ್ಲಿ ಪೆನ್ನು ಮೇಲೆ ಹಿಡಿದ ಮೇಷ್ಟ್ರು, ಗೋಡೆಯ ಮೇಲಿನ ಭೂಪಟವನ್ನೇ ನೋಡುತ್ತಿದ್ದ ಅಮ್ಮ, ನಡುವೆ ತನ್ನ ಹೆಸರು ಅಪ್ಪಾಜಿಯೇ ಎಂದು ಮತ್ತೆ ಮತ್ತೆ ಸಾರುತ್ತಿದ್ದ ತಮ್ಮ. ಕೊನೆಗೆ ಅಮ್ಮ ನನ್ನ ಜಡೆ ಮೆಲ್ಲಗೆ ಜಗ್ಗಿದಳು. ನಾನು ಅಜ್ಜನ ಹೆಸರು, ಅಪ್ಪನ ಹೆಸರು ಎರಡನ್ನೂ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಮೇಷ್ಟ್ರು ಬರೆದುಕೊಂಡು, ರಿಜಿಸ್ಟರ್ ಮುಚ್ಚಿ, "ಬಾರಪ್ಪ ಅಪ್ಪಾಜಿ, ಒಳಗೆ ಕೂತ್ಕೋ" ಎಂದರು. ಆ ಮೇಷ್ಟ್ರ ಮೇಲೆ ನಮ್ಮ ಅಮ್ಮನಿಗೆ ಕೊನೆಯವರೆಗೂ ಭಕ್ತಿ.

ಇಲ್ಲಿ ನನಗೆ ತುಂಬ ಪ್ರಿಯವಾದ ಸಂಗತಿಯೊಂದಿದೆ. ನಮ್ಮವರು ಮಕ್ಕಳನ್ನು ಅಪ್ಪ ಅಮ್ಮ ಎಂದೇ ಕರೆಯುತ್ತಾರೆ. ಬಾರಪ್ಪ, ಉಣ್ಣಮ್ಮ, ಮಲಗು ನನ್ನ ತಂದೆ, ಅಳಬೇಡ ನನ್ನ ತಾಯಿ. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಇಡೀ ರಾತ್ರಿ ಕೂತ ಅಪ್ಪ, "ಏನು ಬೇಕು ನನ್ನಪ್ಪಾ" ಎಂದು ಕೇಳುವಾಗ ಯಾರು ಯಾರಿಗೆ ಅಪ್ಪ? ತಾನು ಹೆತ್ತದ್ದಕ್ಕೆ ತಾನೇ ಮಗುವಾಗಿ ಬೇಡಿಕೊಳ್ಳುವ ಈ ರೀತಿಯಲ್ಲಿ ಹೋದ ಹಿರಿಯರ ನೆನಪೂ ಇದೆ, ಮುಂದೆ ಕೈ ಹಿಡಿದು ನಡೆಸುವವರು ಇವರೇ ಎಂಬ ನಂಬಿಕೆಯೂ ಇದೆ. ಈ ನುಡಿಯಲ್ಲಿ ಹುಟ್ಟಿದ್ದಕ್ಕೆ ನನಗೆ ಸಂತೋಷವೆನಿಸುವ ಕಾರಣಗಳಲ್ಲಿ ಇದೊಂದು. ಸಾಗರ ಸೀಮೆಯ ಹವ್ಯಕರ ಮನೆಗಳಲ್ಲಿ ಗಂಡುಹುಡುಗ ಮಾಣಿ, ಹೆಣ್ಣುಹುಡುಗಿ ಕೂಸು. ಆ ಕೂಸು ಮದುವೆಯಾಗಿ ತನ್ನ ಕೂಸನ್ನು ಎತ್ತಿಕೊಂಡು ತವರಿಗೆ ಬಂದರೆ "ಕೂಸು ಬಂತು" ಎಂದು ಅಂಗಳಕ್ಕೆ ಓಡುವವರು ಮೊದಲು ನೋಡುವುದು ದೊಡ್ಡ ಕೂಸಿನ ಮುಖವನ್ನು.

ಎಲ್ಲ ಮುದ್ದಿನ ಹೆಸರೂ ನಗುವಿನಲ್ಲೇ ಹುಟ್ಟಿದ್ದಲ್ಲ. ತಿಪ್ಪ, ತಿಪ್ಪಕ್ಕ, ಕಲ್ಲ, ಗುಂಡ ಎಂಬ ಹೆಸರುಗಳನ್ನು ಕೇಳಿದಾಗ ನನಗೆ ಈಗಲೂ ಒಳಗೊಳಗೇ ಕಲಕುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮತ್ತೊಂದು ಹುಟ್ಟಿದಾಗ ಅದನ್ನು ತಿಪ್ಪೆಯ ಮೇಲೆ ಒಮ್ಮೆ ಮಲಗಿಸಿ ಎತ್ತಿಕೊಂಡು, ತಿಪ್ಪ ಎಂದು ಕರೆಯುತ್ತಿದ್ದರು. ಮಲೇರಿಯಾ ಮಲೆನಾಡನ್ನು ಹಿಂಡುತ್ತಿದ್ದ ಕಾಲದಲ್ಲಿ, ಸಿಡುಬು, ಕಾಲರಾ ಊರೂರು ತಿರುಗುತ್ತಿದ್ದ ಕಾಲದಲ್ಲಿ, ಬಂಗಾರ ಎಂದು ಬಾಯಿತುಂಬ ಕರೆಯುವುದಕ್ಕೂ ಹೆದರಿಕೆ. ಯಮನ ಕಿವಿಗೆ ಬಿದ್ದರೆ? ಇದು ಕಸ, ಇದು ಕಲ್ಲು, ನಿನಗೆ ಬೇಡದ್ದು, ಬಿಟ್ಟು ಹೋಗು ಎಂದು ಮೃತ್ಯುದೇವತೆಗೆ ಸುಳ್ಳು ಹೇಳಿ ಉಳಿಸಿಕೊಂಡ ಮಕ್ಕಳು ಅವರು. ಮಗುವಿಗೆ ಕೆಟ್ಟ ಹೆಸರಿಡುವಷ್ಟು ಪ್ರೀತಿ ಆ ತಾಯಂದಿರದು. ನಮ್ಮ ಅಜ್ಜಿಯ ಊರಿನಲ್ಲಿ ತಿಪ್ಪಕ್ಕ ಎಂಬ ಮುದುಕಿಯೊಬ್ಬಳಿದ್ದಳು, ತೊಂಬತ್ತು ದಾಟಿದ್ದಳೆಂದು ಹೇಳುತ್ತಿದ್ದರು. ಅವಳ ತಾಯಿ ಹೇಳಿದ ಸುಳ್ಳನ್ನು ಯಮ ಅಷ್ಟು ಕಾಲ ನಂಬಿದ್ದ.

ಮನೆಯೊಳಗಿನ ಈ ಶಬ್ದಗಳು ಹೊರಗೆ ಬಂದು ದೊಡ್ಡ ದೊಡ್ಡ ಆಸನಗಳಲ್ಲಿ ಕೂತದ್ದೂ ಉಂಟು, ಅದರಲ್ಲೂ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಪುಟ್ಟಪ್ಪನವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದರು, ರಾಷ್ಟ್ರಕವಿಯಾದರು. ಘಟಿಕೋತ್ಸವದ ನಿಲುವಂಗಿಯ ಒಳಗೂ ಒಬ್ಬ ಪುಟ್ಟ ಇದ್ದೇ ಇದ್ದ. ಅವರ ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ಅಣ್ಣ ಎಂದು. ಮಗ ತೇಜಸ್ವಿ ತಂದೆಯ ಬಗ್ಗೆ ಬರೆದ ಪುಸ್ತಕಕ್ಕೆ 'ಅಣ್ಣನ ನೆನಪು' ಎಂದೇ ಹೆಸರಿಟ್ಟರು. ಸೊರಬ ತಾಲ್ಲೂಕಿನ ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಯಾದಾಗ, ನಮ್ಮಪ್ಪ ರಾತ್ರಿ ಸೈಕಲ್ ನಿಲ್ಲಿಸುತ್ತ ಕರೆಯುತ್ತಿದ್ದ ಶಬ್ದ ವಿಧಾನಸೌಧದ ಫಲಕಕ್ಕೇ ಹೋಯಿತು. ಇನ್ನು ಭದ್ರಾವತಿಯವರ ಹೆಮ್ಮೆ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್. 1949ರಲ್ಲಿ ನಮ್ಮೂರಿನಲ್ಲಿ ಹುಟ್ಟಿ, 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ರೇಡಿಯೋಕ್ಕೆ ಕಿವಿಯಿಟ್ಟು ಕೂತ ಕ್ವಾರ್ಟರ್ಸಿನ ಗಂಡಸರು ಅವರನ್ನು ವಿಶ್ವನಾಥ್ ಎಂದದ್ದು ಕಡಿಮೆ. ವಿಶಿ, ನಮ್ಮ ವಿಶಿ. ಲಾರ್ಡ್ಸಿನಲ್ಲಿ ಕೂತವರಿಗೂ ಅವರು ವಿಶಿಯೇ. ಜಿಲ್ಲೆಯ ಆಚೆಗೂ ಇದು ಉಂಟು: ನಟ ರಾಜ್‌ಕುಮಾರ್ ಮೂಲದಲ್ಲಿ ಮುತ್ತುರಾಜ. ಅವರ ಕಿರಿಯ ಮಗನಿಗೆ ಮನೆಯಲ್ಲಿದ್ದ ಅಪ್ಪು ಎಂಬ ಹೆಸರು 2002ರಲ್ಲಿ ಸಿನಿಮಾದ ಹೆಸರಾಗಿ, ಆಮೇಲೆ ಇಡೀ ನಾಡಿನ ಬಾಯಿಗೆ ಬಂತು. 2021ರ ಅಕ್ಟೋಬರಿನಲ್ಲಿ ಆ ಅಪ್ಪು ತೀರಿಹೋದಾಗ ಶಿವಮೊಗ್ಗದ ಬೀದಿಬೀದಿಯಲ್ಲಿ ಕಟ್ಟಿದ ಚಿತ್ರಗಳ ಕೆಳಗೆ ಬರೆದದ್ದು ಆ ಎರಡು ಅಕ್ಷರವನ್ನೇ. ಅವರನ್ನು ಒಮ್ಮೆಯೂ ಕಾಣದವರು ತಮ್ಮ ಮನೆಯ ಮಗುವನ್ನು ಕರೆದಂತೆ ಕರೆದು ಅತ್ತರು.

ಊರಿಗೂ ಮನೆಯ ಹೆಸರು ಇರುತ್ತದೆ. ಇಂಗ್ಲಿಷ್ ಕಾಗದಪತ್ರಗಳಲ್ಲಿ ಬಹುಕಾಲ ಶಿಮೊಗ ಎನಿಸಿಕೊಂಡಿದ್ದ ನಮ್ಮ ಜಿಲ್ಲಾಕೇಂದ್ರ ನಮ್ಮ ಬಾಯಲ್ಲಿ ಯಾವಾಗಲೂ ಶಿವಮೊಗ್ಗವೇ; 2014ರ ರಾಜ್ಯೋತ್ಸವದ ದಿನ ಸರ್ಕಾರವೂ ನಾವು ಕರೆಯುವ ಹಾಗೇ ಕರೆಯಿತು. ಅಂದು ಗಾಂಧಿ ಬಜಾರಿನ ಹೂವಿನಂಗಡಿಯ ಹೆಂಗಸು "ನಾವು ಮೊದಲಿಂದ ಹಂಗೇ ತಾನೇ ಅನ್ನೋದು" ಎಂದು ಮೊಳ ಹಾಕುತ್ತಲೇ ಹೇಳಿದಳು.

ಹಾಗೆಂದು ಮುದ್ದಿನ ಹೆಸರಿನಿಂದ ಯಾರು ಬೇಕಾದರೂ ಕರೆಯಬಹುದೆಂದಲ್ಲ. ಕಾಲೇಜಿನ ಗೆಳೆಯರ ಮುಂದೆ ತಾಯಿ "ಚಿನ್ನು ಮರಿ, ಛತ್ರಿ ಮರ್ತ್ಯಲ್ಲೋ" ಎಂದಾಗ ಕುದಿಯುವ ಹುಡುಗನನ್ನು ಸಹ್ಯಾದ್ರಿ ಕಾಲೇಜಿನ ಬಸ್ಸಿನಲ್ಲಿ ನೋಡಿದ್ದೇನೆ. ಅವನ ಸಂಕಟ ನ್ಯಾಯವಾದದ್ದೇ; ಆ ವಯಸ್ಸಿಗೆ ಜಗತ್ತಿನ ಮುಂದೆ ನಿಲ್ಲಲು ದಾಖಲೆಯ ಹೆಸರು ಬೇಕು. ಆದರೆ ಅದೇ ಹುಡುಗ ಪುಣೆಯಲ್ಲೋ ಟೆಕ್ಸಾಸಿನಲ್ಲೋ ಕೆಲಸಕ್ಕೆ ಸೇರಿ, ದಿನವಿಡೀ ಬೇರೆ ಬೇರೆ ನಾಲಿಗೆಗಳಲ್ಲಿ ತನ್ನ ದಾಖಲೆಯ ಹೆಸರು ತಿರುಚಿಸಿಕೊಂಡು, ರಾತ್ರಿ ಮನೆಗೆ ಫೋನು ಹಚ್ಚಿದರೆ ಆ ಕಡೆಯಿಂದ ಬರುವ ಮೊದಲ ಶಬ್ದಕ್ಕೇ ಕಾದಿರುತ್ತಾನೆ. ಈಗಿನ ಎಳೆಯ ತಂದೆತಾಯಿಗಳಿಗೆ ನಾನು ಹೇಳುವುದೂ ಇಷ್ಟೇ: ವಿಹಾನ್, ಅದ್ವಿಕ್ ಎಲ್ಲ ಚೆಂದದ ಹೆಸರುಗಳು, ಇಡಿ, ಆದರೆ ಅದನ್ನೇ ಮನೆಯೊಳಗೂ ಬಳಸಿ ಸವೆಸಬೇಡಿ. ಅಜ್ಜಿ ಬಾಯಿಗೆ ಬಂದದ್ದನ್ನು ತಡೆಯಬೇಡಿ. ಪರಿಚಯದ ಮನೆಯೊಂದರಲ್ಲಿ ವಿಹಾನ್ ಎಂಬ ಮಗುವನ್ನು ಅಜ್ಜಿ ಮೊದಲು ಇವಾನಪ್ಪ ಎಂದು, ಆಮೇಲೆ ವಾನಪ್ಪ ಎಂದು, ಈಗ ಬರೀ ವಾನು ಎಂದು ಕರೆಯುತ್ತಾರೆ. ಮಗು ಓಡಿ ಬರುವುದು ವಾನು ಎಂದಾಗ.

ಕರೆಯುವವರು ಒಬ್ಬರೇ ಉಳಿದರೂ ಸಾಕು, ಹೆಸರಿಗೆ ಜೀವವಿರುತ್ತದೆ. ಈಚೆಗೆ ಶಿವಮೊಗ್ಗದಿಂದ ಭದ್ರಾವತಿಗೆ ಸರ್ಕಾರಿ ಬಸ್ಸಿನಲ್ಲಿ ಹೊರಟಿದ್ದೆ. ಮುಂದಿನ ಸೀಟಿನಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿ, ಪಕ್ಕದಲ್ಲಿ ಕಿಟಕಿಗೆ ಒರಗಿದ ಬಿಳಿ ಮೀಸೆಯ ಯಜಮಾನರು, ತಲೆಗೆ ಉಣ್ಣೆ ಟೋಪಿ, ತೊಡೆಯ ಮೇಲೆ ಕೈಚೀಲ. ಕಂಡಕ್ಟರ್ ಬಂದಾಗ ಅಜ್ಜಿ ಆಧಾರ್ ಕಾರ್ಡು ತೋರಿಸಿ ಹೆಂಗಸರಿಗಿರುವ ಉಚಿತ ಟಿಕೆಟ್ ಹರಿಸಿಕೊಂಡು, "ಪಾಪುಗೊಂದು ಕೊಡಪ್ಪ, ಭದ್ರಾವತಿಗೆ" ಎಂದಳು.

ಕಂಡಕ್ಟರ್ ಸೀಟಿನ ಕೆಳಗೆಲ್ಲ ಬಗ್ಗಿ 'ಪಾಪು'ವನ್ನು ಹುಡುಕಿದ. "ಮಗು ಎಲ್ಲಜ್ಜಿ? ಆರು ವರ್ಷ ಆಗಿಲ್ದಿದ್ರೆ ಟಿಕೆಟ್ ಬೇಡ."

"ಇಲ್ಲೇ ಕೂತಿದಾನಲ್ಲಪ್ಪ, ನನ್ನ ತಮ್ಮ. ಹೋದ ಶ್ರಾವಣಕ್ಕೆ ಎಪ್ಪತ್ತೆರಡು ತುಂಬ್ತು. ನಮ್ಮಮ್ಮ ಅವನನ್ನ ನನ್ನ ಕೈಗೆ ಕೊಟ್ಟು ಹೋದಾಗ ಇಷ್ಟೇ ಇದ್ದ." ಅಜ್ಜಿ ಸೀಟಿನ ಎತ್ತರಕ್ಕೆ ಕೈ ಹಿಡಿದು ತೋರಿಸಿದಳು. ಯಜಮಾನರು ಕಿಟಕಿಯಿಂದ ಮುಖ ತಿರುಗಿಸಿ, ಹೌದು ಎಂಬಂತೆ ಕಂಡಕ್ಟರಿಗೆ ತಲೆಯಾಡಿಸಿದರು.

ಹುಡುಗ ಕಂಡಕ್ಟರ್ ಒಂದು ಕ್ಷಣ ಇಬ್ಬರನ್ನೂ ನೋಡಿ, ಟಿಕೆಟ್ ಯಂತ್ರದ ಮೇಲೆ ಬೆರಳಿಟ್ಟುಕೊಂಡೇ ಕೇಳಿದ. "ಪಾಪು ಅವರದ್ದು ಹಿರಿಯ ನಾಗರಿಕರ ಕಾರ್ಡ್ ಇದ್ಯಾ ಅಜ್ಜಿ? ರಿಯಾಯಿತಿ ಸಿಗತ್ತೆ."

"ಇದೆಯಪ್ಪ" ಎಂದು ಅಜ್ಜಿ ತನ್ನ ಚೀಲದ ಬಾಯಿ ಬಿಚ್ಚಿದಳು. "ನಾನೇ ಇಟ್ಕೊಂಡಿದೀನಿ. ಅವನ ಕೈಗೆ ಕೊಟ್ರೆ ಕಳೀತಾನೆ."